ಎಂಟು ಹನಿ ಜಾಗದಲ್ಲಿ ಒಬ್ಬ ದೊರೆ, ಒಬ್ಬ ದೇವರು

ಕ್ರಿ.ಪೂ. 44ರ ಜುಲೈ ತಿಂಗಳು. ರೋಮ್ ನಗರದ ಆಕಾಶದಲ್ಲಿ ಒಂದು ಬಾಲಚುಕ್ಕಿ ಕಾಣಿಸಿಕೊಂಡಿತು. ಸೂರ್ಯ ಮುಳುಗಲು ಇನ್ನೂ ಒಂದು ಗಂಟೆ ಇರುವಾಗಲೇ ಅದು ಕಣ್ಣಿಗೆ ಬೀಳುತ್ತಿತ್ತಂತೆ. ಹೀಗೆ ಏಳು ದಿನ ಹೊಳೆಯಿತು ಎಂದು ಸ್ವೆಟೋನಿಯಸ್ ಎಂಬ ರೋಮನ್ ಲೇಖಕ ಬರೆದಿಟ್ಟಿದ್ದಾನೆ. ಆ ವರ್ಷ ಬಾಲಚುಕ್ಕಿಯೊಂದು ಬಂದಿತ್ತೆಂದು ಚೀನಾದ ದಾಖಲೆಗಳಲ್ಲೂ ಇದೆ.

ಅದೇ ವರ್ಷದ ಮಾರ್ಚ್ 15ರಂದು ರೋಮಿನ ಸರ್ವಾಧಿಕಾರಿ ಜೂಲಿಯಸ್ ಸೀಸರನನ್ನು ಸಭೆಯಲ್ಲೇ ಇರಿದು ಕೊಂದಿದ್ದರು. ಅವನ ದತ್ತುಮಗ ಆಕ್ಟೇವಿಯನ್‌ಗೆ ಆಗಿನ್ನೂ ಹದಿನೆಂಟು ವರ್ಷ. ಸತ್ತ ತಂದೆಯ ಹೆಸರಿನಲ್ಲಿ ಅವನು ದೊಡ್ಡ ಕ್ರೀಡೋತ್ಸವ ನಡೆಸುತ್ತಿದ್ದಾಗಲೇ ಬಾಲಚುಕ್ಕಿ ಬಂತು. ನೋಡಿದ ಜನ, ‘ಸೀಸರನ ಆತ್ಮ ದೇವರುಗಳ ಬಳಿಗೆ ಹೋಗುತ್ತಿದೆ’ ಎಂದುಕೊಂಡರು. ಬಾಲಚುಕ್ಕಿ ಎಂದರೆ ಮಂಜುಗಡ್ಡೆ, ದೂಳು ಸೇರಿದ ಒಂದು ಉಂಡೆ, ಸೂರ್ಯನ ಹತ್ತಿರ ಬಂದಾಗ ಕಾದು ಆವಿಯನ್ನೂ ದೂಳನ್ನೂ ಉಗುಳುತ್ತದೆ, ಅದೇ ಬಾಲವಾಗಿ ಕಾಣುತ್ತದೆ ಎಂದು ನಮಗೆ ಇವತ್ತು ಗೊತ್ತು. ಅದಕ್ಕೆ ಸೀಸರ್ ಯಾರೆಂದೂ ಗೊತ್ತಿಲ್ಲ, ರೋಮ್ ಎಲ್ಲಿದೆ ಎಂದೂ ಗೊತ್ತಿಲ್ಲ. ಆದರೆ ಆಕ್ಟೇವಿಯನ್ ಬಹಳ ಚುರುಕು ಹುಡುಗ. ಬಂದ ಅವಕಾಶವನ್ನು ಬಿಡಲಿಲ್ಲ.

ಮುಂದೆ ಅವನೇ ಆಗಸ್ಟಸ್ ಎಂಬ ಬಿರುದು ಹೊತ್ತು ರೋಮಿನ ಮೊದಲ ಚಕ್ರವರ್ತಿಯಾದ. ಒಂದು ಬೆಳ್ಳಿ ನಾಣ್ಯದ ಮೇಲೆ ಆ ಬಾಲಚುಕ್ಕಿಯನ್ನು ಅಚ್ಚೊತ್ತಿಸಿದ. ಎಂಟು ಕಿರಣ, ಒಂದಕ್ಕೆ ಉರಿಯುವ ಬಾಲ, ಪಕ್ಕದಲ್ಲಿ ‘ದೇವರಾದ ಜೂಲಿಯಸ್’ ಎಂಬ ಬರಹ. ತನ್ನ ನಾಣ್ಯಗಳಲ್ಲಿ ತನ್ನ ಹೆಸರಿನ ಜೊತೆಗೆ ಇನ್ನೊಂದು ಮಾತು ಸೇರಿಸಿಕೊಂಡ: ‘ದೇವರ ಮಗ’. ನಾನೇ ದೇವರು ಎಂದು ರೋಮಿನಲ್ಲಿ ಅವನು ಹೇಳಿಕೊಳ್ಳಲಿಲ್ಲ. ಹಾಗೆ ಹೇಳಿದ್ದರೆ ಜನ ಸಿಟ್ಟಾಗುತ್ತಿದ್ದರು. ನಮ್ಮಪ್ಪ ದೇವರು ಎಂದರೆ ಸಾಕಲ್ಲ, ಉಳಿದದ್ದನ್ನು ಕೇಳಿದವರೇ ಲೆಕ್ಕ ಹಾಕಿಕೊಳ್ಳುತ್ತಾರೆ!

ಈಗ ಯೋಚಿಸಿ. ಪತ್ರಿಕೆ ಇಲ್ಲ, ಫೋಟೊ ಇಲ್ಲ, ಟಿವಿ ಇಲ್ಲ. ಸಾಮ್ರಾಜ್ಯವೋ, ಸ್ಪೇನಿನಿಂದ ಸಿರಿಯಾದವರೆಗೆ ಹಬ್ಬಿತ್ತು. ಈಜಿಪ್ಟಿನ ರೈತನಿಗೆ ತನ್ನ ಚಕ್ರವರ್ತಿ ಹೇಗಿದ್ದಾನೆ ಎಂದು ಹೇಗೆ ಗೊತ್ತಾಗಬೇಕು? ದೊಡ್ಡ ಊರುಗಳಲ್ಲಿ ಪ್ರತಿಮೆಗಳಿದ್ದವು, ನಿಜ. ಆದರೆ ಪ್ರತಿಮೆ ನಡೆದುಕೊಂಡು ಹಳ್ಳಿಗೆ ಬರುವುದಿಲ್ಲ. ನಾಣ್ಯ ಬರುತ್ತದೆ. ಸೈನಿಕನ ಸಂಬಳವಾಗಿ ಹೊರಡುತ್ತದೆ, ವ್ಯಾಪಾರಿಯ ಚೀಲ ಸೇರುತ್ತದೆ, ಹಡಗು ಹತ್ತುತ್ತದೆ.

ಸೀಸರನಿಗಿಂತ ಮುಂಚೆ ರೋಮಿನ ನಾಣ್ಯಗಳ ಮೇಲೆ ದೇವರುಗಳ ಮುಖ ಇರುತ್ತಿತ್ತು, ಇಲ್ಲವೇ ತೀರಿಹೋದ ಹಿರಿಯರದು. ಬದುಕಿರುವಾಗಲೇ ರೋಮಿನ ನಾಣ್ಯದ ಮೇಲೆ ಮುಖ ತೋರಿಸಿದ ಮೊದಲ ರೋಮನ್ ಅವನೇ, ಕ್ರಿ.ಪೂ. 44ರಲ್ಲಿ. ಕೆಲವೇ ವಾರಗಳಲ್ಲಿ ಅವನ ಕೊಲೆಯಾಯಿತು. ‘ಇವನು ರಾಜನಾಗಲು ಹೊರಟಿದ್ದಾನೆ’ ಎಂದು ಕೊಂದವರಲ್ಲಿ ಬ್ರೂಟಸ್ ಒಬ್ಬ. ಆಮೇಲೆ ಆ ಬ್ರೂಟಸ್ ಏನು ಮಾಡಿದ ಗೊತ್ತೇ? ತನ್ನದೇ ಮುಖದ ನಾಣ್ಯ ಹೊರಡಿಸಿದ! ಹಿಂದುಗಡೆ ಎರಡು ಕಠಾರಿ, ನಡುವೆ ಬಿಡುಗಡೆ ಹೊಂದಿದ ಗುಲಾಮರು ತೊಡುವ ಟೊಪ್ಪಿಗೆ, ಕೆಳಗೆ ಕೊಲೆಯ ದಿನಾಂಕ. ಬೆಳ್ಳಿಯಲ್ಲಿ ಹೆಚ್ಚು, ಚಿನ್ನದಲ್ಲಿ ಕೆಲವೇ ಕೆಲವು ಉಳಿದಿವೆ. ಈ ಚಿನ್ನದ ನಾಣ್ಯದ ಇನ್ನೊಂದು ಕಥೆ ಕೊನೆಯಲ್ಲಿ ಹೇಳುತ್ತೇನೆ.

ರೋಮನ್ನರ ಚಿನ್ನದ ನಾಣ್ಯದ ಹೆಸರು ಆರಿಯಸ್. ಅಗಲ ಸುಮಾರು 20 ಮಿಲಿಮೀಟರ್. ನಮ್ಮ ಒಂದು ರೂಪಾಯಿ ನಾಣ್ಯವೂ ಹೆಚ್ಚುಕಡಿಮೆ ಅಷ್ಟೇ ಅಗಲ. ಆದರೆ ಕೈಗೆತ್ತಿಕೊಂಡರೆ ಬೆರಗಾಗುತ್ತದೆ. ನಮ್ಮ ರೂಪಾಯಿ 4 ಗ್ರಾಂ ಕೂಡ ಇಲ್ಲ, ಸೀಸರನ ಕಾಲದ ಆರಿಯಸ್ 8 ಗ್ರಾಂ! ಇದಕ್ಕೆ ಕಾರಣ ಚಿನ್ನದ ಸಾಂದ್ರತೆ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗಿದರೆ, ಅಷ್ಟೇ ಜಾಗದ ಚಿನ್ನ 19.3 ಗ್ರಾಂ ತೂಗುತ್ತದೆ. ಬೆಳ್ಳಿಯಾದರೆ 10.5 ಗ್ರಾಂ. ಹಾಗಾಗಿ 8 ಗ್ರಾಂ ಚಿನ್ನ ಹಿಡಿಯುವ ಜಾಗ ಬರೀ 0.41 ಮಿಲಿಲೀಟರ್. ಔಷಧಿ ಬಾಟಲಿಯ ಡ್ರಾಪರ್‌ನಿಂದ ಚಮಚಕ್ಕೆ ಎಂಟು ಹನಿ ನೀರು ಬಿಟ್ಟು ನೋಡಿ, ಹೆಚ್ಚುಕಡಿಮೆ ಅಷ್ಟೇ. ಒಬ್ಬ ಚಕ್ರವರ್ತಿ, ಒಬ್ಬ ದೇವರು, ಸುತ್ತ ಎರಡು ಸಾಲು ಬರಹ, ಎಲ್ಲ ಆ ಎಂಟು ಹನಿಯ ಜಾಗದಲ್ಲಿ.

ಮೋಸ ಹಿಡಿಯಲೂ ಈ ಸಾಂದ್ರತೆಯೇ ನೆರವಾಗುತ್ತಿತ್ತು. ಒಳಗೆ ಬೆಳ್ಳಿ ಇಟ್ಟು ಮೇಲೆ ಚಿನ್ನದ ಮುಲಾಮು ಹಾಕಿದರೆ ನಾಣ್ಯದ ಗಾತ್ರ ಸರಿಬಂದಾಗ ತೂಕ ಕಡಿಮೆ ಬರುತ್ತದೆ, ತೂಕ ಸರಿ ಮಾಡಿದರೆ ನಾಣ್ಯ ದಪ್ಪಗಾಗುತ್ತದೆ. ತಕ್ಕಡಿ ಇದ್ದವನ ಮುಂದೆ ಈ ಆಟ ನಡೆಯುವುದಿಲ್ಲ.

ಟಂಕಸಾಲೆಯೊಳಗೆ ಒಮ್ಮೆ ಇಣುಕೋಣ. ಮೊದಲು ಸರಿಯಾದ ತೂಕದ ದುಂಡು ಬಿಲ್ಲೆ ಸಿದ್ಧಮಾಡುತ್ತಾರೆ. ಕೆಳಗೆ ಗಟ್ಟಿಯಾಗಿ ಕೂರಿಸಿದ ಒಂದು ಅಚ್ಚು, ಅದರಲ್ಲಿ ಚಕ್ರವರ್ತಿಯ ಮುಖ. ಅದರ ಮೇಲೆ ಬಿಲ್ಲೆ. ಬಿಲ್ಲೆಯ ಮೇಲೆ ಕೈಯಲ್ಲಿ ಹಿಡಿದ ಇನ್ನೊಂದು ಅಚ್ಚು, ಅದರಲ್ಲಿ ದೇವರು. ಸುತ್ತಿಗೆಯಿಂದ ಬಲವಾಗಿ ಒಂದು ಪೆಟ್ಟು. ಎರಡೂ ಕಡೆ ಒಟ್ಟಿಗೆ ಮೂಡಿತು! ಪೆಟ್ಟು ಸ್ವಲ್ಪ ಓರೆಯಾದರೆ ಚಕ್ರವರ್ತಿಯ ತಲೆ ಅಂಚಿನಾಚೆ ಹೋಗುತ್ತಿತ್ತು. ಅಂಥವೂ ಬೇಕಾದಷ್ಟು ಸಿಕ್ಕಿವೆ.

ಅಚ್ಚು ಕೆತ್ತುವವನ ಕೆಲಸ ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಒಂದು ಪ್ರಯೋಗ ಮಾಡಿ. ಅಂಗೈಯಲ್ಲಿ ಇಂಕಿನ ಪೆನ್ನಿನಿಂದ ನಿಮ್ಮ ಹೆಸರು ಬರೆದು, ಒಣಗುವ ಮೊದಲೇ ಹಾಳೆಗೆ ಒತ್ತಿ. ಅಕ್ಷರಗಳು ತಿರುಗುಮುರುಗು ಬಂದವು ಅಲ್ಲವೇ? ಸರಿಯಾಗಿ ಬರಬೇಕಾದರೆ ನೀವು ಮೊದಲೇ ತಿರುಗಿಸಿ ಬರೆಯಬೇಕು. ಅಚ್ಚು ಕೆತ್ತುವವನು ಎಡ ಬಲ ತಿರುಗಿಸಬೇಕು, ಅದರ ಮೇಲೆ ಉಬ್ಬು ತಗ್ಗನ್ನೂ ಅದಲುಬದಲು ಮಾಡಬೇಕು. ನಾಣ್ಯದಲ್ಲಿ ಮೂಗು ಉಬ್ಬಬೇಕಾದರೆ ಅಚ್ಚಿನಲ್ಲಿ ಮೂಗು ಹಳ್ಳವಾಗಿರಬೇಕು. ಎರಡು ಬೆರಳಗಲವೂ ಇಲ್ಲದ ಜಾಗದಲ್ಲಿ ಕೂದಲಿನ ಗುಂಗುರು, ಕುತ್ತಿಗೆಯ ಮಡಿಕೆ, ತುಟಿಯ ಕೊಂಕು ಎಲ್ಲ ತಂದಿದ್ದಾರೆ. ಈ ಕೆತ್ತನೆಗಾರರು ಕೆಲಸದ ಕೆಳಗೆ ಹೆಸರು ಬರೆಯಲಿಲ್ಲ. ನನಗಂತೂ ಚಕ್ರವರ್ತಿಗಳಿಗಿಂತ ಇವರೇ ದೊಡ್ಡವರಾಗಿ ಕಾಣುತ್ತಾರೆ.

ಇಷ್ಟು ನವಿರಾದ ಗೆರೆ ಹಿಡಿಯಲು ಚಿನ್ನಕ್ಕಿಂತ ಒಳ್ಳೆಯ ಲೋಹ ಸಿಗುವುದು ಕಷ್ಟ. ಪೆಟ್ಟು ಬಿದ್ದಾಗ ಅಪರಂಜಿಯ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ, ಮುರಿಯುವುದಿಲ್ಲ. ಹಾಗಾಗಿ ಅಚ್ಚಿನ ಸಣ್ಣ ಸಂದಿಗೂ ಚಿನ್ನ ಹರಿದು ತುಂಬಿಕೊಳ್ಳುತ್ತದೆ. ಇನ್ನೊಂದು ಗುಣ, ಗಾಳಿಯ ಆಮ್ಲಜನಕ, ಮಣ್ಣಿನ ತೇವ ಇವುಗಳ ಜೊತೆ ಅದು ಬೆರೆಯುವುದಿಲ್ಲ. ಕಂಚಿನ ನಾಣ್ಯ ಮಣ್ಣಿನಲ್ಲಿದ್ದರೆ ಹಸಿರು ಕಿಲುಬು ಹಿಡಿದು ಮುಖವೇ ಅಳಿಸುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ಚಿನ್ನದ ನಾಣ್ಯವನ್ನು ಎರಡು ಸಾವಿರ ವರ್ಷದ ಮೇಲೆ ಅಗೆದು ತೆಗೆದರೂ ಮಣ್ಣು ಕೊಡವಿದರೆ ಸಾಕು, ಚಕ್ರವರ್ತಿಯ ಹುಬ್ಬಿನ ಕೂದಲು ಕಾಣುತ್ತದೆ.

ಅಚ್ಚುಗಳಲ್ಲಿ ಒಂದು ಸ್ವಾರಸ್ಯವಿದೆ. ಸುತ್ತಿಗೆಯ ಪೆಟ್ಟು ನೇರವಾಗಿ ಬೀಳುವುದು ಮೇಲಿನ ಅಚ್ಚಿಗೆ. ಅದು ಬೇಗ ಸವೆಯುತ್ತದೆ, ಬಿರುಕು ಬಿಡುತ್ತದೆ. ಕೆಳಗಿನದು ಹೆಚ್ಚು ದಿನ ಬಾಳುತ್ತದೆ. ಮುಖದ ಅಚ್ಚು ಕೆಳಗೆ ಇರುತ್ತಿದ್ದುದರಿಂದ ಒಂದು ಮುಖ ಸವೆಯುವಷ್ಟರಲ್ಲಿ ಹಿಂಬದಿಯ ದೇವರುಗಳ ಅಚ್ಚು ಹಲವು ಬಾರಿ ಬದಲಾಗುತ್ತಿತ್ತು. ದೊರೆ ಅಲ್ಲೇ ಇರುತ್ತಿದ್ದ, ದೇವರು ಬಂದು ಹೋಗುತ್ತಿದ್ದರು!

ಅಚ್ಚು ಬಿರುಕು ಬಿಟ್ಟರೆ ಆ ಬಿರುಕಿಗೂ ಚಿನ್ನ ನುಗ್ಗಿ ನಾಣ್ಯದ ಮೇಲೆ ತೆಳ್ಳನೆಯ ಉಬ್ಬು ಗೆರೆಯಾಗಿ ಕಾಣುತ್ತದೆ. ಸಂಶೋಧಕರು ಒಂದೇ ಅಚ್ಚಿನಿಂದ ಬಂದ ನಾಣ್ಯಗಳನ್ನು ಒಟ್ಟುಮಾಡಿ ನೋಡುತ್ತಾರೆ. ಗೆರೆ ಇಲ್ಲದ್ದು ಮೊದಲು ಹೊಡೆದದ್ದು, ಚಿಕ್ಕ ಗೆರೆಯದು ಆಮೇಲಿನದು, ಗೆರೆ ಉದ್ದವಾದದ್ದು ಇನ್ನೂ ಆಮೇಲಿನದು. ಪಕ್ಕಾ ಪತ್ತೇದಾರಿ ಕೆಲಸ.

ಈಗ ಮುಖಗಳನ್ನು ನೋಡೋಣ. ಆಗಸ್ಟಸ್ ಸತ್ತಾಗ ಅವನಿಗೆ ಎಪ್ಪತ್ತಾರು ವರ್ಷವಾಗುತ್ತ ಬಂದಿತ್ತು. ಆದರೆ ನಾಣ್ಯಗಳ ಮೇಲೆ ಅವನಿಗೆ ವಯಸ್ಸೇ ಆಗಲಿಲ್ಲ. ನಲವತ್ತು ವರ್ಷ ಅದೇ ನುಣುಪು ಕೆನ್ನೆ. ಮುಂದಿನ ಚಕ್ರವರ್ತಿಗಳಲ್ಲೊಬ್ಬನಾದ ನೀರೋ ಹಾಗಲ್ಲ. ಕ್ರಿ.ಶ. 54ರಲ್ಲಿ ಪಟ್ಟಕ್ಕೆ ಬಂದಾಗ ಹದಿನಾರರ ಹುಡುಗ. ಆ ವರ್ಷದ ಚಿನ್ನದ ನಾಣ್ಯದಲ್ಲಿ ಅವನೂ ಅವನ ತಾಯಿ ಅಗ್ರಿಪ್ಪಿನಾಳೂ ಎದುರುಬದುರು ಮುಖ ಮಾಡಿದ್ದಾರೆ. ಮುಂಬದಿಯ ಬರಹವೆಲ್ಲ ತಾಯಿಯ ಹೆಸರಿನದೇ. ಮರುವರ್ಷ ಮಗ ಮುಂದೆ ಬಂದ, ತಾಯಿಯ ಮುಖ ಅವನ ಹಿಂದೆ ಸರಿಯಿತು. ಆಮೇಲೆ ತಾಯಿ ನಾಣ್ಯದಿಂದಲೇ ಮಾಯ. ಅರಮನೆಯ ಜಗಳ ಜನರ ಕೈಗೆ ಹೀಗೆ ತಲುಪಿತು. ನೀರೋನ ಕೊನೆಯ ವರ್ಷಗಳ ನಾಣ್ಯಗಳಲ್ಲಿ ದಪ್ಪ ಕುತ್ತಿಗೆ, ತುಂಬಿದ ಗಲ್ಲ, ಸುರುಳಿ ಸುರುಳಿ ಕೂದಲು. ಅದನ್ನು ಅವನು ಮುಚ್ಚಿಡಲಿಲ್ಲ, ಬಹುಶಃ ಚೆನ್ನಾಗಿದೆ ಎಂದೇ ಅಂದುಕೊಂಡಿದ್ದ.

ಹಿಂಬದಿಯ ದೇವರನ್ನು ಗುರುತಿಸುವುದು ಹೇಗೆ? ಕೊಳಲು ಕಂಡರೆ ಕೃಷ್ಣ, ನವಿಲು ಕಂಡರೆ ಷಣ್ಮುಖ ಎಂದು ನಾವು ಹೇಳುತ್ತೇವಲ್ಲ, ಅಲ್ಲಿಯೂ ಹಾಗೆಯೇ. ಸಿಡಿಲು ಮತ್ತು ಹದ್ದು ಇದ್ದರೆ ದೇವರ ದೇವ ಜುಪಿಟರ್. ತ್ರಿಶೂಲ ಇದ್ದರೆ ಕಡಲಿನ ನೆಪ್ಚೂನ್. ತಲೆಯ ಸುತ್ತ ಕಿರಣ ಇದ್ದರೆ ಸೂರ್ಯದೇವ ಸೋಲ್. ರೆಕ್ಕೆ ಇರುವ ಹೆಣ್ಣು ವಿಜಯದೇವತೆ. ನವಿಲು ಇದ್ದರೆ ಜುಪಿಟರನ ಹೆಂಡತಿ ಜೂನೋ.

ಈ ನವಿಲು ಮೂಲತಃ ನಮ್ಮ ಕಡೆಯ ಹಕ್ಕಿ. ಕಾಡು ನವಿಲು ಯೂರೋಪಿನದಲ್ಲ. ಭಾರತದಿಂದ ಪಶ್ಚಿಮಕ್ಕೆ ಹೋಗಿ, ಗ್ರೀಕರ ಕೈ ಸೇರಿ, ರೋಮಿನಲ್ಲಿ ದೇವಿಯ ವಾಹನವಾಯಿತು. ಚಕ್ರವರ್ತಿ ಸತ್ತರೆ ಅವನ ಆತ್ಮವನ್ನು ಹದ್ದು ಸ್ವರ್ಗಕ್ಕೆ ಒಯ್ಯುತ್ತದೆ ಎಂದು ನಂಬಿಕೆ. ಚಿತೆ ಉರಿಯುವಾಗ ನಿಜವಾದ ಹದ್ದನ್ನೇ ಹಾರಿಬಿಡುತ್ತಿದ್ದರಂತೆ. ಮಹಾರಾಣಿಯಾದರೆ ನವಿಲು. ಕ್ರಿ.ಶ. 140ರ ಸುಮಾರಿಗೆ ತೀರಿಕೊಂಡ ಮಹಾರಾಣಿ ಫೌಸ್ಟೀನಾಳ ನೆನಪಿಗೆ ಗಂಡ ಆಂಟೊನೈನಸ್ ಪಯಸ್ ಹೊರಡಿಸಿದ ನಾಣ್ಯಗಳಲ್ಲಿ ನವಿಲು ಇದೆ.

ಸೀಸರನ ಬಾಲಚುಕ್ಕಿಯ ಹೊತ್ತಿಗೆ ದೊರೆ ಒಂದು ಕಡೆ, ದೇವರು ಇನ್ನೊಂದು ಕಡೆ ಇದ್ದರಲ್ಲ, ಮುಂದಿನ ಮುನ್ನೂರು ವರ್ಷದಲ್ಲಿ ಅವರಿಬ್ಬರ ನಡುವಿನ ದೂರ ಕಡಿಮೆಯಾಗುತ್ತ ಹೋಯಿತು. ಕಿರಣದ ಕಿರೀಟವನ್ನು ಮೊದಲು ಸತ್ತು ದೇವರಾದ ಆಗಸ್ಟಸ್‌ಗೆ ಮಾತ್ರ ತೊಡಿಸುತ್ತಿದ್ದರು. ನೀರೋ ಬದುಕಿರುವಾಗಲೇ ತೊಟ್ಟ. ಕಾಮೊಡಸ್ ಎಂಬ ಚಕ್ರವರ್ತಿ ಇನ್ನೂ ಮುಂದೆ ಹೋಗಿ ಮಹಾಬಲಶಾಲಿ ಹರ್ಕ್ಯುಲಿಸ್‌ನ ಸಿಂಹದ ಚರ್ಮವನ್ನೇ ತಲೆಗೆ ಹೊದ್ದು ನಾಣ್ಯದ ಮೇಲೆ ಬಂದ. 192ರ ಕೊನೆಯ ದಿನ ಅವನನ್ನು ಕೊಂದರು. ಸಿಂಹದ ಚರ್ಮ ಕಾಪಾಡಲಿಲ್ಲ.

ಇವೆಲ್ಲಕ್ಕಿಂತ ಅಚ್ಚರಿಯದು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 313ರಲ್ಲಿ ಇಟಲಿಯ ಟಿಸಿನಮ್‌ನಲ್ಲಿ, ಅಂದರೆ ಇಂದಿನ ಪಾವಿಯಾ ಊರಿನಲ್ಲಿ, ಟಂಕಿಸಿದ ದೊಡ್ಡ ಚಿನ್ನದ ಪದಕ, ಸುಮಾರು 40 ಗ್ರಾಂ ತೂಕ. ಮುಂದೆ ಚಕ್ರವರ್ತಿ ಕಾನ್‌ಸ್ಟಂಟೈನ್, ಅವನ ಬೆನ್ನಿಗೇ ಸೂರ್ಯದೇವ. ಇಬ್ಬರ ಹಣೆ, ಮೂಗು, ಗಲ್ಲ ಒಂದೇ ರೀತಿ, ಅವಳಿ ಮಕ್ಕಳೇ ಸರಿ. ಕಿರಣ ಇಲ್ಲದಿದ್ದರೆ ಯಾರು ದೇವರು, ಯಾರು ದೊರೆ ಹೇಳಲಾಗದು. ತಮಾಷೆಯೆಂದರೆ ಕ್ರೈಸ್ತ ಧರ್ಮಕ್ಕೆ ಬೆಂಬಲ ಕೊಟ್ಟ ಚಕ್ರವರ್ತಿ ಎಂದು ಹೆಸರಾದವನು ಇವನೇ. ಆಮೇಲಿನ ನಾಣ್ಯಗಳಲ್ಲಿ ಸೂರ್ಯ ಮರೆಯಾದ. ಕಾನ್‌ಸ್ಟಂಟೈನನ ಕಣ್ಣು ಮೇಲಕ್ಕೆ, ಆಕಾಶದ ಕಡೆಗೆ ತಿರುಗಿತು. ದೇವರನ್ನು ಪ್ರಾರ್ಥಿಸುವ ಭಂಗಿ ಅದು ಎಂದು ಅವನ ಕಾಲದ ಬಿಷಪ್ ಯುಸೀಬಿಯಸ್ ಬರೆದಿದ್ದಾನೆ.

ನಾಣ್ಯದ ತೂಕ ಮಾತ್ರ ಅಷ್ಟರಲ್ಲಿ ಇಳಿದಿತ್ತು. ಒಂದು ಲೆಕ್ಕ ಕೊಡುತ್ತೇನೆ, ನೀವೇ ಮಾಡಿ. ರೋಮನ್ನರ ಒಂದು ಪೌಂಡ್ ಸುಮಾರು 325 ಗ್ರಾಂ. ಸೀಸರ್ ಒಂದು ಪೌಂಡ್ ಚಿನ್ನಕ್ಕೆ 40 ನಾಣ್ಯ ಹೊಡೆಸಿದ. ನೀರೋ 45, ಆಮೇಲಿನ ಚಕ್ರವರ್ತಿ ಕಾರಕಲ್ಲಾ 50, ಕಾನ್‌ಸ್ಟಂಟೈನ್ 72. ಒಂದೊಂದರ ತೂಕ ಎಷ್ಟಾಯಿತು? ಕೊನೆಯದಕ್ಕೆ ಸಾಲಿಡಸ್ ಎಂದು ಹೊಸ ಹೆಸರು ಬಂತು. ಹಗುರವಾದರೂ ಅದು ಗಟ್ಟಿಯಾಗಿ ನಿಂತಿತು. ಹನ್ನೊಂದನೆಯ ಶತಮಾನದವರೆಗೂ ರೋಮನ್ ಸಾಮ್ರಾಜ್ಯದ ಪೂರ್ವದ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್‌ನ ಟಂಕಸಾಲೆ ಅದರ ಚಿನ್ನಕ್ಕೆ ಹೆಚ್ಚು ಕಲಬೆರಕೆ ಮಾಡಲಿಲ್ಲ.

ಆ ಸಾಲಿಡಸ್ ಮೇಲೆ ರೆಕ್ಕೆಯ ವಿಜಯದೇವತೆ ಮೆಲ್ಲಗೆ ಗಂಡು ದೇವದೂತನಾಗಿ ಬದಲಾದಳು. ರೆಕ್ಕೆ ಅದೇ, ಕೈಗೆ ಶಿಲುಬೆ ಬಂತು. ಏಳನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೆಯ ಜಸ್ಟಿನಿಯನ್ ಇನ್ನೂ ದೊಡ್ಡ ಬದಲಾವಣೆ ಮಾಡಿದ. ಮುಂಬದಿಗೆ ಯೇಸುವಿನ ಮುಖ ತಂದ, ತಾನು ಹಿಂಬದಿಗೆ ಹೋಗಿ ಶಿಲುಬೆ ಹಿಡಿದು ನಿಂತ. ತನ್ನ ಹೆಸರಿನ ಜೊತೆ ‘ಕ್ರಿಸ್ತನ ಸೇವಕ’ ಎಂದು ಬರೆಸಿದ. ‘ದೇವರ ಮಗ’ನಿಂದ ಶುರುವಾದದ್ದು ಸೇವಕನಲ್ಲಿಗೆ ಬಂತು. ಸರಿಸುಮಾರು ಅದೇ ಹೊತ್ತಿಗೆ, 696–97ರಲ್ಲಿ, ಡಮಾಸ್ಕಸ್‌ನ ಖಲೀಫ ಅಬ್ದುಲ್ ಮಲಿಕ್ ತನ್ನ ಚಿನ್ನದ ದೀನಾರಿನಿಂದ ಚಿತ್ರಗಳನ್ನೇ ತೆಗೆದುಹಾಕಿದ. ದೊರೆಯೂ ಇಲ್ಲ, ದೇವರೂ ಇಲ್ಲ, ಬರೀ ಅಕ್ಷರ.

ಈ ರೋಮನ್ ನಾಣ್ಯಗಳಲ್ಲಿ ಬಹಳಷ್ಟು ನಮ್ಮ ದೇಶಕ್ಕೂ ಬಂದವು. ಮೆಣಸು, ಮುತ್ತು, ಬಟ್ಟೆಗೆ ರೋಮನ್ನರು ಕೊಟ್ಟ ಬೆಲೆ ಅದು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ನುಂಗುತ್ತದೆ ಎಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ಒಂದು ಆರಿಯಸ್‌ಗೆ ನೂರು ಸೆಸ್ಟರ್ಸ್, ಹಾಗಾಗಿ ಅದು ಐದು ಲಕ್ಷ ಚಿನ್ನದ ನಾಣ್ಯಕ್ಕೆ ಸಮ. ಪ್ಲಿನಿ ಸ್ವಲ್ಪ ಉತ್ಪ್ರೇಕ್ಷೆ ಮಾಡುವ ಮನುಷ್ಯ, ಆದರೂ ಸಣ್ಣ ಮೊತ್ತವಲ್ಲ.

ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ 501 ರೋಮನ್ ಚಿನ್ನದ ನಾಣ್ಯ ಒಟ್ಟಿಗೆ ಸಿಕ್ಕವು. ಬಹುಪಾಲು ನಾಣ್ಯಗಳಲ್ಲಿ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಕಚ್ಚು ಹಾಕಿದ್ದಾರೆ! ಒಳಗೂ ಚಿನ್ನವೇ ಇದೆಯೇ ಎಂದು ನೋಡಲು ಕತ್ತರಿಸಿದರು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇದು ಇನ್ನು ನಾಣ್ಯವಾಗಿ ಚಲಿಸಬಾರದು, ಬರೀ ಚಿನ್ನವಾಗಿರಲಿ ಎಂದು ಗುರುತು ಹಾಕಿದರು ಎಂದು ಇನ್ನು ಕೆಲವರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಪರೀಕ್ಷೆಗಾದರೆ ಅಂಚಿನಲ್ಲಿ ಒಂದು ಚಿಕ್ಕ ಕಚ್ಚು ಸಾಕಿತ್ತು, ಇಲ್ಲವೇ ಒರೆಗಲ್ಲಿಗೆ ಉಜ್ಜಬಹುದಿತ್ತು. ಮುಖವನ್ನೇ ಆರಿಸಿ ಕಡಿದದ್ದು ಯಾಕೆ? ನೀವೂ ಯೋಚಿಸಿ.

ಕರ್ನಾಟಕದಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕದ್ದು ಚಿನ್ನ, ಅದರಲ್ಲಿ ಹೆಚ್ಚಿನವು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳ ಸಾಲಿಡಸ್. ದಕ್ಷಿಣ ಭಾರತದಲ್ಲಿ ಸಿಗುವ ಇಂಥ ಸಾಲಿಡಸ್‌ಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಗಡೆ ತೂತು ಕೊರೆದಿದ್ದಾರೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರೆ ಮುಖ ನೆಟ್ಟಗೆ ನಿಲ್ಲುತ್ತದೆ! ನಮ್ಮ ಅಕ್ಕಸಾಲಿಗರು ಅಂಥದೇ ನಾಣ್ಯಗಳನ್ನು ತಾವೇ ಮಾಡಿದ್ದೂ ಉಂಟು. ಅವುಗಳಲ್ಲಿ ಮುಖ ಇದೆ, ಸುತ್ತ ಲ್ಯಾಟಿನ್ ಅಕ್ಷರದಂಥ ಗೀಚುಗಳೂ ಇವೆ, ಓದಲು ಹೋದರೆ ಏನೂ ಇಲ್ಲ. ಉತ್ತರದ ಕುಷಾಣರು ಮಾತ್ರ ತಮ್ಮದೇ ಚಿನ್ನದ ನಾಣ್ಯ ಟಂಕಿಸಿದರು. ತೂಕ ಆರಿಯಸ್‌ನಂತೆ ಸುಮಾರು 8 ಗ್ರಾಂ, ಒಂದು ಕಡೆ ದೊರೆ ಕನಿಷ್ಕ, ಇನ್ನೊಂದು ಕಡೆ ಒಮ್ಮೆ ಶಿವನ ರೂಪದ ದೇವರು, ಒಮ್ಮೆ ಬುದ್ಧ.

ಇನ್ನು ಬ್ರೂಟಸನ ಚಿನ್ನದ ನಾಣ್ಯ. ಅದರಲ್ಲೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 27 ಲಕ್ಷ ಪೌಂಡಿಗೆ ಮಾರಾಟವಾಯಿತು. ಅದು ಎಲ್ಲಿಂದ ಬಂತು ಎಂದು ತೋರಿಸಿದ ಕಾಗದಗಳು ಸುಳ್ಳು ಎಂದು ಆಮೇಲೆ ಗೊತ್ತಾಯಿತು. 2023ರಲ್ಲಿ ಅದನ್ನು ಗ್ರೀಸ್ ದೇಶಕ್ಕೆ ಮರಳಿಸಿದರು. ಆದರೆ ಅದನ್ನು ಕದ್ದು ಅಗೆದವರು ಜೊತೆಯಲ್ಲಿದ್ದ ಮಡಕೆ, ಮಣ್ಣಿನ ಪದರ, ಬೇರೆ ನಾಣ್ಯ ಯಾವುದನ್ನೂ ಬರೆದಿಡಲಿಲ್ಲವಲ್ಲ. ಅದನ್ನು ಯಾರು, ಯಾವಾಗ, ಯಾಕೆ ಹೂತಿಟ್ಟರು ಎಂದು ತಿಳಿಯುವ ದಾರಿ ಮುಚ್ಚಿಹೋಯಿತು.

ಅದಕ್ಕೇ ಒಂದು ಮಾತು ಕೇಳಿ. ಹೊಲದಲ್ಲಿ, ಪಾಯ ತೋಡುವಾಗ, ಕೆರೆಯ ಹೂಳಿನಲ್ಲಿ ಹಳೆಯ ನಾಣ್ಯ ಕಣ್ಣಿಗೆ ಬಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಮಡಕೆಯಲ್ಲಿದ್ದರೆ ಮಡಕೆ ಒಡೆಯಬೇಡಿ, ಸಿಕ್ಕ ಜಾಗ ಗುರುತು ಹಾಕಿಕೊಳ್ಳಿ. ಮನೆಯಲ್ಲಿ ಹೇಳಿ, ನಿಮ್ಮ ಮೇಷ್ಟ್ರಿಗೆ ಹೇಳಿ, ಅವರ ಮೂಲಕ ತಾಲ್ಲೂಕು ಕಚೇರಿಗೆ ತಿಳಿಸಿ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನೂ ಇದೆ.